ಮೊದಲು ಸಾಣೆಕಲ್ಲು, ಆಮೇಲೆ ಉಳಿ

(ಮೊನ್ನೆ ಭಾನುವಾರ ಮೈಸೂರಿನ ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಮರಗೆಲಸದ ಹವ್ಯಾಸದ ಬಗ್ಗೆ ಮಾತಾಡಿದ್ದೆ. ಬರೆದು ಕೊಡಿ ಅಂತ ಕೆಲವರು ಕೇಳಿದರು. ಮಾತಾಡುವಾಗ ಕೈಯಲ್ಲಿ ಉಳಿ ಇತ್ತು, ಈಗ ಪೆನ್ನು ಇದೆ, ಅದರಿಂದ ಸ್ವಲ್ಪ ಹೆಚ್ಚುಕಡಿಮೆ ಆಗಿರಬಹುದು.)

ಎಲ್ಲರಿಗೂ ನಮಸ್ಕಾರ. ನಾನು ಬಡಗಿ ಅಲ್ಲ. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ರಿಟೈರ್ ಆದವಳು. ಆರು ವರ್ಷದಿಂದ ಮನೆಯ ಹಿಂದಿನ ಶೀಟಿನ ಮರೆಯಲ್ಲಿ, ಹಳೇ ಸ್ಕೂಟರ್ ಪಕ್ಕ, ಮರ ಕೊಯ್ಯುತ್ತಾ ಕೂರುತ್ತೇನೆ. ಆದ್ದರಿಂದ ಇದು ಕಸುಬಿನವರ ಮಾತಲ್ಲ. ತಪ್ಪು ಸಾಮಾನು ಕೊಂಡು ದುಡ್ಡು ಕಳೆದವಳೊಬ್ಬಳ ಮಾತು.

ಮೊದಲು ಆ ತಪ್ಪಿನ ಕಥೆ ಹೇಳಿಬಿಡುತ್ತೇನೆ. ರಿಟೈರ್ ಆದಾಗ ಕೈಗೆ ಒಂದಷ್ಟು ದುಡ್ಡು ಬಂತು. ರಾತ್ರಿಯೆಲ್ಲಾ ಯೂಟ್ಯೂಬ್ ನೋಡುತ್ತಿದ್ದೆ. ಅಲ್ಲಿ ಒಬ್ಬ ಗಡ್ಡದ ಹುಡುಗ ಒಂದು ಮಷೀನಿಗೆ ಹಲಗೆ ತೂರಿಸಿದರೆ ಆ ಕಡೆ ಕನ್ನಡಿ ತರಹ ಹೊರಗೆ ಬರುತ್ತದೆ, ನೋಡಿದ್ದೀರಲ್ವಾ. ನಾನೂ ಒಂದು ಡ್ರಿಲ್, ಕರೆಂಟಿನಲ್ಲಿ ಕೊಯ್ಯುವ ಒಂದು ಜಿಗ್ ಸಾ, ಉಜ್ಜಿ ನುಣುಪು ಮಾಡುವ ಒಂದು ಸ್ಯಾಂಡರ್, 8 ಉಳಿಗಳ ಒಂದು ಪೆಟ್ಟಿಗೆ ತರಿಸಿದೆ. ಉಳಿಯ ಹಿಡಿಗಳು ಹಳದಿ ಬಣ್ಣ, ಮಿರಿಮಿರಿ ಮಿಂಚುತ್ತಿದ್ದವು. ಮೊದಲ ದಿನವೇ ಒಂದು ಹಲಸಿನ ತುಂಡಿಗೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದೆ. ಮರ ಕಟ್ ಆಗಲಿಲ್ಲ, ಜಜ್ಜಿಹೋಯಿತು. ಒಣಗಿದ ಕೊಬ್ಬರಿಯನ್ನು ಸೌಟಿನಲ್ಲಿ ಕೆತ್ತಿದ ಹಾಗೆ.

ಅದೇ ವಾರ ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲು ಸರಿಮಾಡಲು ಒಬ್ಬರು ಆಚಾರ್ರು ಬಂದಿದ್ದರು. ವಯಸ್ಸಾದವರು, ಜಾಸ್ತಿ ಮಾತಿಲ್ಲ. ನನ್ನ ಹೊಸ ಉಳಿ ತೋರಿಸಿದೆ. ಹೆಬ್ಬೆರಳಿನಿಂದ ಅಂಚನ್ನು ಅಡ್ಡಡ್ಡ ಸವರಿ ನೋಡಿ, "ಮೇಡಮ್ಮೋರೇ, ಇದಿನ್ನೂ ಉಳಿ ಆಗಿಲ್ಲ. ಕಬ್ಬಿಣದ ಪಟ್ಟಿ ಅಷ್ಟೇ" ಅಂದರು. ಆಮೇಲೆ ತಮ್ಮ ಚೀಲದಿಂದ ಸಾಣೆಕಲ್ಲು ತೆಗೆದು, ನಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟುಕೊಂಡು ಮಸೆಯಲು ಕೂತರು. ಅವರದೇ ಉಳಿಗಳನ್ನು, ನನ್ನದನ್ನಲ್ಲ. ಮುಕ್ಕಾಲು ಗಂಟೆ. ದಿನಗೂಲಿ ಲೆಕ್ಕ ನೆನಪಾಗಿ ನನಗೆ ಒಳಗೊಳಗೇ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆಮೇಲೆ ಕಪಾಟಿನ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಉಳಿಯನ್ನು ಸುತ್ತಿಗೆಯಿಂದ ಹೊಡೆಯಲೂ ಇಲ್ಲ, ಅಂಗೈಯಿಂದ ನೂಕಿದರೆ ಸಾಕು, ಸಾಗವಾನಿಯ ಸಿಪ್ಪೆ ಸುರುಳಿಯಾಗಿ ಏಳುತ್ತಿತ್ತು.

ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಉಳಿ ಕೊಳ್ಳುವ ಮೊದಲು ಉಳಿ ಮಸೆಯುವ ವ್ಯವಸ್ಥೆ ಮಾಡಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಮಸೆಯಲು ಏನು ಬೇಕು? ಜಪಾನಿನ ನೀರುಕಲ್ಲು ಅಂತ ಸಾವಿರಾರು ರೂಪಾಯಿಗೆ ಮಾರುತ್ತಾರೆ, ಒಳ್ಳೆಯದೇ, ಆದರೆ ಈಗಲೇ ಬೇಡ. ಗಾಜಿನಂಗಡಿಗೆ ಹೋಗಿ 10 ಎಂಎಂ ದಪ್ಪದ ಗಾಜಿನ ತುಂಡು ಕೇಳಿ. ಕತ್ತರಿಸಿ ಉಳಿದದ್ದು ಮೂಲೆಯಲ್ಲಿ ಬಿದ್ದಿರುತ್ತದೆ, ಒಂದಡಿ ಉದ್ದ ಅರ್ಧ ಅಡಿ ಅಗಲ ಸಾಕು, ಅಂಚು ಉಜ್ಜಿಸಿಕೊಂಡು ಬನ್ನಿ, ಇಲ್ಲದಿದ್ದರೆ ಕೈ ಕುಯ್ಯುತ್ತದೆ. ಗಾಜು ಯಾಕೆಂದರೆ ಅದು ಚಪ್ಪಟೆ. ನಿಮ್ಮ ಮನೆಯಲ್ಲಿ ಗಾಜಿನಷ್ಟು ಚಪ್ಪಟೆಯಾದ ಇನ್ನೊಂದು ವಸ್ತು ಸಿಗುವುದು ಕಷ್ಟ. ಅದರ ಮೇಲೆ ನೀರು ಚಿಮುಕಿಸಿ ವಾಟರ್ ಪೇಪರ್ ಅಂಟಿಸುವುದು. ಮರಕ್ಕೆ ಉಜ್ಜುವ ಉಪ್ಪುಕಾಗದ ಅಲ್ಲ, ಗ್ಯಾರೇಜಿನವರು ಕಾರಿನ ಬಣ್ಣಕ್ಕೆ ಬಳಸುವ ಕಪ್ಪು ಹಾಳೆ. 220, 400, 800, 1200, 2000 ನಂಬರಿನವು ಒಂದೆರಡು ಹಾಳೆ. ನಂಬರ್ ಜಾಸ್ತಿ ಆದಷ್ಟೂ ಹಾಳೆ ನುಣುಪು.

ಈಗ ಕೈಯಲ್ಲಿ ಮಾಡಿ ತೋರಿಸುತ್ತೇನೆ, ಮುಂದೆ ಬನ್ನಿ. (ಇಲ್ಲಿ ಹತ್ತು ಹನ್ನೆರಡು ಜನ ಮೇಜಿನ ಸುತ್ತ ಸೇರಿದರು. ಒಬ್ಬ ಹುಡುಗ ಮೊಬೈಲ್ ಟಾರ್ಚ್ ಹಿಡಿದ.) ಉಳಿಗೆ ಎರಡು ಮುಖ. ಒಂದು ಇಳಿಜಾರು, ಇನ್ನೊಂದು ಚಪ್ಪಟೆ ಬೆನ್ನು. ಎಲ್ಲರೂ ಇಳಿಜಾರನ್ನೇ ಉಜ್ಜುತ್ತಾರೆ. ಆದರೆ ಅಂಚು ಅನ್ನುವುದು ಎರಡು ಮುಖ ಸೇರುವ ಗೆರೆ, ಅಲ್ವಾ? ಒಂದು ಮುಖ ಒರಟಾಗಿದ್ದರೆ ಗೆರೆಯೂ ಒರಟು. ಅದಕ್ಕೇ ಮೊದಲು ಬೆನ್ನು. ಇಡೀ ಬೆನ್ನು ಬೇಡ, ತುದಿಯ ಒಂದು ಇಂಚು ಸಾಕು. 220ರಲ್ಲಿ ಉಜ್ಜಿ, ಕಾರ್ಖಾನೆಯ ಗೀರುಗಳು ಹೋಗುವ ತನಕ. ಹೊಸ ಉಳಿಗೆ ಇದೊಂದಕ್ಕೇ ಅರ್ಧ ಗಂಟೆ ಹಿಡಿಯುತ್ತದೆ. ಒಂದು ಸಲ ಮಾಡಿದರೆ ಆ ಉಳಿಗೆ ಮತ್ತೆ ಮಾಡಬೇಕಾಗಿಲ್ಲ.

ಆಮೇಲೆ ಇಳಿಜಾರು. ಉಳಿಗಳಿಗೆ ಸಾಮಾನ್ಯವಾಗಿ 25 ಡಿಗ್ರಿ ಇಳಿಜಾರು ಕೊಟ್ಟು, ತುತ್ತತುದಿಯನ್ನು ಮಾತ್ರ 30 ಡಿಗ್ರಿಗೆ ಮಸೆಯುತ್ತಾರೆ. ಗಟ್ಟಿಮರಕ್ಕೆ ಪೂರ್ತಿ 30 ಇಟ್ಟರೂ ನಡೆಯುತ್ತದೆ. 30 ಡಿಗ್ರಿ ಅಳೆಯುವುದು ಹೇಗೆ? ನನ್ನ ಹಳೇ ವಿದ್ಯಾರ್ಥಿಗಳು ಇಬ್ಬರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ಯಾವಾಗಲೂ ಹಿಂದಿನ ಸಾಲೇ ಇವರಿಗೆ, ಅವರು ಹತ್ತನೇ ಕ್ಲಾಸಿನಲ್ಲಿ ಕೇಳುತ್ತಿದ್ದರು, ಮಿಸ್ ಈ ಸೈನ್ ಥೀಟಾ ಯಾತಕ್ಕೆ ಅಂತ. ಇದಕ್ಕೆ ಕಣ್ರೋ. ಸೈನ್ 30 ಅಂದರೆ ಅರ್ಧ. ಅಂದರೆ ಇಳಿಜಾರಿನ ಉದ್ದ ಉಳಿಯ ದಪ್ಪದ ಸರಿಯಾಗಿ ಎರಡರಷ್ಟು ಇದ್ದರೆ ಅದು 30 ಡಿಗ್ರಿ. 4 ಎಂಎಂ ದಪ್ಪದ ಉಳಿಗೆ 8 ಎಂಎಂ ಇಳಿಜಾರು. ಸ್ಕೇಲ್ ಇಟ್ಟು ನೋಡಿದರೆ ಆಯಿತು, ಕೋನಮಾಪಕ ಬೇಡ. ಕೈ ನಡುಗಿ ಇಳಿಜಾರು ದುಂಡಗಾಗುತ್ತದೆ ಅನ್ನುವವರಿಗೆ ಹೋನಿಂಗ್ ಗೈಡ್ ಅಂತ ಪುಟ್ಟ ಚಕ್ರದ ಹಿಡಿ ಸಿಗುತ್ತದೆ, ಉಳಿಯನ್ನು ಅದಕ್ಕೆ ಕಚ್ಚಿಸಿ ಹಿಂದೆ ಮುಂದೆ ಉರುಳಿಸುವುದು. ಆಚಾರ್ರು ಅದನ್ನು ನೋಡಿ ನಕ್ಕಿದ್ದರು. ನಗಲಿ. ಅವರು ನಲವತ್ತು ವರ್ಷ ಮಸೆದವರು, ನಾನು ಮೊದಲ ವರ್ಷ ಅದನ್ನು ಬಳಸಿದೆ, ನಾಚಿಕೆ ಏನಿಲ್ಲ.

ಉಜ್ಜುತ್ತಾ ಇದ್ದರೆ ಒಂದು ಹೊತ್ತಿನಲ್ಲಿ ಬೆನ್ನಿನ ಕಡೆ ಅಂಚಿಗೆ ಬೆರಳು ಸವರಿದಾಗ ಸಣ್ಣ ತಂತಿಯಂಥದ್ದು ತಗಲುತ್ತದೆ. ನೋಡಿ, ಮುಟ್ಟಿ ನೋಡಿ, ಅಂಚಿನ ಉದ್ದಕ್ಕೆ ಅಲ್ಲ, ಅಡ್ಡಕ್ಕೆ ಹೊರಮುಖವಾಗಿ ಸವರಿ. ಲೋಹ ಮಡಚಿಕೊಂಡು ಆ ಕಡೆ ಬಂದಿದೆ. ಅಂದರೆ ನೀವು ಅಂಚನ್ನು ಮುಟ್ಟಿದ್ದೀರಿ ಅಂತ ಅರ್ಥ. ಆ ತಂತಿ ಈ ಮೂಲೆಯಿಂದ ಆ ಮೂಲೆವರೆಗೂ ಬರದೆ ಮುಂದಿನ ನಂಬರಿನ ಹಾಳೆಗೆ ಹೋಗಬೇಡಿ. ನನ್ನ ಮೊದಲ ಆರು ತಿಂಗಳ ಸೋಲೆಲ್ಲ ಇಲ್ಲೇ ಇತ್ತು, ಬೇಗ ಬೇಗ 2000ಕ್ಕೆ ಹೋಗಿ ಕನ್ನಡಿ ಹೊಳಪು ತಂದು ಬೀಗುತ್ತಿದ್ದೆ, ಉಳಿ ಮಾತ್ರ ಮೊಂಡು. ಕೊನೆಗೆ ಹಳೇ ಚರ್ಮದ ಬೆಲ್ಟನ್ನು ಹಲಗೆಗೆ ಅಂಟಿಸಿ, ಅದಕ್ಕೆ ಹಸಿರು ಪಾಲಿಶ್ ಸೋಪು ಹಚ್ಚಿ, ಉಳಿಯನ್ನು ಹಿಮ್ಮುಖವಾಗಿ ಹತ್ತಿಪ್ಪತ್ತು ಸಲ ಎಳೆದರೆ ಆ ತಂತಿ ಉದುರುತ್ತದೆ.

ಹರಿತ ಆಯಿತೋ ಇಲ್ಲವೋ? ಕೈಕೂದಲು ಬೋಳಿಸಿ ತೋರಿಸುವುದೆಲ್ಲ ವಿಡಿಯೋದವರಿಗೆ ಬಿಡಿ. ದೀಪದ ಕೆಳಗೆ ಅಂಚನ್ನು ಹಿಡಿದು ನೋಡಿ. ಮೊಂಡು ಅಂಚಿನ ಮೇಲೆ ಬೆಳಕು ಬಿದ್ದು ಬಿಳಿ ಗೆರೆ ಕಾಣುತ್ತದೆ. ಹರಿತವಾದ ಅಂಚು ಕಾಣುವುದೇ ಇಲ್ಲ.

ಒಂದು ಎಚ್ಚರಿಕೆ. ಬೇಗ ಆಗಲಿ ಅಂತ ಗ್ರೈಂಡರ್ ಚಕ್ರಕ್ಕೆ ಉಳಿ ಕೊಡುತ್ತಾರಲ್ಲ, ತುದಿ ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗಿದರೆ ಆ ಉಕ್ಕಿನ ಹದ ಹೋಯಿತು. ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ನೀಲಿಯಾದಷ್ಟು ಭಾಗ ಸವೆಸಿ ತೆಗೆಯಬೇಕು. ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದಿ, ಬರಿಗೈಯಲ್ಲಿ ಹಿಡಿಯಿರಿ, ಬೆರಳಿಗೆ ಬಿಸಿ ತಟ್ಟಿದ ಕೂಡಲೇ ನಿಲ್ಲಿಸಿ.

ಸರಿ, ಮಸೆಯುವುದು ಬಂತು. ಇನ್ನು ಏನೇನು ಕೊಳ್ಳಬೇಕು ಅಂತ ಕೇಳುತ್ತೀರಿ. ಸೆಟ್ ಬೇಡ. 8 ಉಳಿಯ ಪೆಟ್ಟಿಗೆಯಲ್ಲಿ ನಾನು ಬಳಸುವುದು ಎರಡೇ, ಅರ್ಧ ಇಂಚಿನದು ಮತ್ತು ಒಂದು ಇಂಚಿನದು. ಮಿಕ್ಕ ಆರು ಈಗಲೂ ಮಿರಿಮಿರಿ ಮಿಂಚುತ್ತಿವೆ. ಉಳಿಗೆ ಹೊಡೆಯಲು ಒಂದು ಕೊಡತಿ ಬೇಕು, ಮರದ್ದು. ಅದನ್ನು ನೀವೇ ಮಾಡಿಕೊಳ್ಳಬಹುದು. ಗರಗಸ ಒಂದು. ಹಾರ್ಡ್‌ವೇರ್ ಅಂಗಡಿಯ ಗರಗಸದ ಹಲ್ಲಿನ ತುದಿ ಕಪ್ಪು ನೀಲಿ ಇದ್ದರೆ ಅದು ಗಟ್ಟಿ ಮಾಡಿದ ಹಲ್ಲು, ಬಹಳ ದಿನ ಬಾಳುತ್ತದೆ, ಆದರೆ ಮೊಂಡಾದ ಮೇಲೆ ಅರ ಹಾಕಿ ಹರಿತ ಮಾಡಲಾಗುವುದಿಲ್ಲ, ಎಸೆಯಬೇಕು. ಈಗ ಎಳೆದಾಗ ಕೊಯ್ಯುವ ಜಪಾನೀ ಗರಗಸ ಎಲ್ಲ ಕಡೆ ಸಿಗುತ್ತದೆ. ತೆಳು ಅಲಗು, ಎಳೆಯುವಾಗ ಬಿಗಿಯಾಗುವುದರಿಂದ ಬಾಗುವುದಿಲ್ಲ, ಹೊಸಬರಿಗೆ ಗೆರೆಯ ಮೇಲೆ ನಿಲ್ಲಿಸುವುದು ಸುಲಭ. ಇದೇನು ನಮಗೆ ಹೊಸದಲ್ಲ, ನೆಲದ ಮೇಲೆ ಕೂತು ಕಾಲಲ್ಲಿ ಮರ ಒತ್ತಿ ಹಿಡಿದು ಕೆಲಸ ಮಾಡುತ್ತಿದ್ದ ನಮ್ಮ ಹಳಬರ ಗರಗಸಗಳೂ ಎಳೆದಾಗಲೇ ಕೊಯ್ಯುತ್ತಿದ್ದವು.

ಮೂಲೆ 90 ಡಿಗ್ರಿ ಇದೆಯಾ ಅಂತ ನೋಡುವ ಮೂಲೆಮಟ್ಟ ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ನೇರ ಅಂಚಿನ ಹಲಗೆ ಅಥವಾ ಪ್ಲೈವುಡ್ ತುಂಡು ಕೇಳಿ, ಮೂಲೆಮಟ್ಟ ಅಂಚಿಗೆ ಒತ್ತಿ ಒಂದು ಗೆರೆ ಎಳೆಯಿರಿ. ಈಗ ಮೂಲೆಮಟ್ಟವನ್ನು ಮಗುಚಿ, ಅದೇ ಜಾಗದಿಂದ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಬಿದ್ದರೆ 90 ಡಿಗ್ರಿ ಸರಿ. ಬಾಯಿ ಬಿಟ್ಟುಕೊಂಡರೆ ಸರಿ ಇಲ್ಲ, ಮತ್ತು ಕಾಣುವ ಅಂತರ ನಿಜವಾದ ತಪ್ಪಿನ ಎರಡರಷ್ಟು, ಅದಕ್ಕೇ ಸಣ್ಣ ತಪ್ಪೂ ಕಣ್ಣಿಗೆ ಬೀಳುತ್ತದೆ. ಒಂದು ಅಂಗಡಿಯಲ್ಲಿ ನಾನು ಹೀಗೆ ಮಾಡುತ್ತಾ ಐದನೇ ಮೂಲೆಮಟ್ಟಕ್ಕೆ ಬಂದಿದ್ದೆ. ಕೌಂಟರಿನ ಹುಡುಗ ತಡೆಯಲಾಗದೆ, "ಆಂಟಿ, ಯಜಮಾನ್ರನ್ನ ಕರ್ಕೊಂಡ್ ಬನ್ನಿ, ಅವರಿಗೆ ಗೊತ್ತಾಗುತ್ತೆ" ಅಂದ. ನಮ್ಮ ಯಜಮಾನರಿಗೆ ಗೋಡೆಗೆ ಮೊಳೆ ಹೊಡೆಯಲೂ ಬರುವುದಿಲ್ಲ. ಇಲ್ಲೇ ಕೂತಿದ್ದಾರೆ, ಬೇಕಿದ್ದರೆ ಕೇಳಿ. (ನಗು.) ಐದರಲ್ಲಿ ಸರಿ ಇದ್ದದ್ದು ಎರಡು.

ಹತ್ತರಿ, ಹಲಗೆಯ ಮೈ ಹೆರೆದು ನುಣುಪು ಮಾಡುವ ಸಾಮಾನು. ಇದಕ್ಕೆ ಕೆಲವರು ತೋಪಡ ಅನ್ನುತ್ತಾರೆ, ಹಿಂದಿಯವರು ರಂದಾ ಅನ್ನುತ್ತಾರೆ, ಪಠ್ಯಪುಸ್ತಕದಲ್ಲಿ ಉಜ್ಜುಗೊರಡು. ಕಬ್ಬಿಣದ ಹತ್ತರಿ ಕೊಳ್ಳುವುದಾದರೆ ನಂಬರ್ 4 ಕೇಳಿ. 4 ಅಂದರೆ ಇಂಚಲ್ಲ. ಅಮೆರಿಕದ ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಲಿಯೊನಾರ್ಡ್ ಬೇಲಿ ಅನ್ನುವವರ ಪೇಟೆಂಟುಗಳನ್ನು ಕೊಂಡುಕೊಂಡಿತು, ಆ ಬೇಲಿ ಮಾದರಿಯ ನಂಬರುಗಳೇ ಇವತ್ತಿಗೂ ಊರೂರಲ್ಲಿ ನಡೆಯುತ್ತಿವೆ. ನಂಬರ್ 4 ಅಂದರೆ ಸುಮಾರು ಒಂಬತ್ತೂವರೆ ಇಂಚು ಉದ್ದ, 2 ಇಂಚಿನ ಅಲಗು. ನಮ್ಮಲ್ಲಿ ಪಂಜಾಬಿನ ಅನಂತ್ ಕಂಪನಿಯದು ಹವ್ಯಾಸದವರ ಕೈಗೆ ಸಾಮಾನ್ಯವಾಗಿ ಬರುವ ಹತ್ತರಿ. ಅಗ್ಗದ ಹತ್ತರಿ ಡಬ್ಬದಿಂದ ತೆಗೆದ ಕೂಡಲೇ ಕೆಲಸ ಮಾಡುವುದಿಲ್ಲ, ಅದನ್ನು ಮೊದಲೇ ತಿಳಿದುಕೊಂಡಿರಿ. ಅದೇ ಗಾಜು, ಅದೇ ಹಾಳೆ, ತಳ ಉಜ್ಜಿ ಚಪ್ಪಟೆ ಮಾಡಿ, ಅಲಗು ಮಸೆದು, ಒಂದು ದಿನ ಅದಕ್ಕೆ ಕೊಟ್ಟರೆ ಆಮೇಲೆ ಅದು ನಿಮ್ಮ ಮಾತು ಕೇಳುತ್ತದೆ. ಸಿಪ್ಪೆ ಈರುಳ್ಳಿ ಪೊರೆಯಷ್ಟು ತೆಳ್ಳಗೆ ಬಂದು ಹತ್ತರಿಯ ಬಾಯಿಯಿಂದ ಸುಯ್ ಅಂತ ಶಬ್ದ ಬರುತ್ತದೆ, ಆ ಶಬ್ದ ಒಂದು ಸಲ ಕೇಳಿದವರು ಈ ಹವ್ಯಾಸ ಬಿಡುವುದಿಲ್ಲ.

ಮರವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಕ್ಲ್ಯಾಂಪು ಎಷ್ಟಿದ್ದರೂ ಸಾಲದು ಅನ್ನುತ್ತಾರೆ. ನಿಜ. ಆದರೆ ಎರಡು ಜಿ ಕ್ಲ್ಯಾಂಪ್ ಇಟ್ಟುಕೊಂಡು ಮಿಕ್ಕದ್ದಕ್ಕೆ ಬೆಣೆ ಬಳಸಿ. ಹಲಗೆಯ ಎರಡು ಕಡೆ ಗೂಟ ಹೊಡೆದು ನಡುವೆ ಜೋಡಿ ಬೆಣೆ ಎದುರುಬದುರು ತೂರಿಸಿದರೆ ಯಾವ ಕ್ಲ್ಯಾಂಪಿಗೂ ಕಮ್ಮಿ ಇಲ್ಲದ ಬಿಗಿ ಬರುತ್ತದೆ.

ಈಗ ಮರ. ಟಿಂಬರ್ ಡಿಪೋಗೆ ಮೊದಲ ಸಲ ಹೋದವರು ಕಕ್ಕಾಬಿಕ್ಕಿ ಆಗುವುದು ಸಿಎಫ್‌ಟಿ ಅನ್ನುವ ಲೆಕ್ಕಕ್ಕೆ. ಒಂದು ಸಿಎಫ್‌ಟಿ ಅಂದರೆ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮರ. ದಪ್ಪ ಇಂಚಿನಲ್ಲಿ, ಅಗಲ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಗುಣಿಸಿ 144ರಿಂದ ಭಾಗಿಸಿ. 2 ಇಂಚು ದಪ್ಪ, 6 ಇಂಚು ಅಗಲ, 6 ಅಡಿ ಉದ್ದದ ಹಲಗೆ 72, ಅದನ್ನು 144ರಿಂದ ಭಾಗಿಸಿದರೆ ಅರ್ಧ ಸಿಎಫ್‌ಟಿ. ನಿಮ್ಮ ಟೇಪು ನೀವೇ ತೆಗೆದುಕೊಂಡು ಹೋಗಿ. ಒಂದು ಡಿಪೋದಲ್ಲಿ ನನಗೆ ಕೊಟ್ಟ ಚೀಟಿಯಲ್ಲಿ ಒಂದೂಕಾಲು ಇಂಚು ಅಂತ ಬರೆದಿತ್ತು, ಮನೆಗೆ ಬಂದು ಅಳೆದರೆ ಒಂದು ಇಂಚು, ಆಟೋ ಮಾಡಿಕೊಂಡು ವಾಪಸ್ ಹೋದರೆ ಕೊಯ್ಲಿನಲ್ಲಿ ಹೋಯಿತು ಮೇಡಂ ಅಂದರು. ಗರಗಸದ ಕೊಯ್ಲಿನಲ್ಲಿ, ಹತ್ತರಿಯಲ್ಲಿ ಸ್ವಲ್ಪ ಹೋಗುವುದು ಸಹಜವೇ, ಒಂದು ಇಂಚಿನ ಹಲಗೆ ಕೆಲಸ ಮುಗಿಯುವಾಗ 20, 22 ಎಂಎಂ ಆಗಿರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದು ಕೊಳ್ಳಿ. ಆದರೆ ಚೀಟಿ ಬರೆಯುವ ಮೊದಲು ಅಳೆಯಿರಿ.

ಮೊದಲ ಮರವಾಗಿ ಸಾಗವಾನಿ ಕೊಳ್ಳಬೇಡಿ, ಕೈ ನಡುಗುತ್ತದೆ, ದುಡ್ಡಿನ ಭಯಕ್ಕೆ. ಕೊಡಗಿನ ಕಾಫಿ ತೋಟಗಳ ಸಿಲ್ವರ್ ಓಕ್ ನಮ್ಮ ಕಡೆ ಸಿಗುತ್ತದೆ, ಕಮ್ಮಿ ಬೆಲೆ, ಮೆದು. ಮಾವು ಇದೆ, ಬೇವು ಇದೆ. ಹಲಸು ನನಗೆ ಪ್ರಾಣ, ಕೊಯ್ದಾಗ ಅರಿಶಿನದ ಹಳದಿ, ವರ್ಷ ಕಳೆದ ಹಾಗೆ ಜೇನಿನ ಬಣ್ಣ. ಬೀಟೆ, ಶ್ರೀಗಂಧದ ಗೋಜಿಗೆ ಹೋಗಬೇಡಿ, ಕಡಿಯಲು ಸಾಗಿಸಲು ಎಲ್ಲಕ್ಕೂ ಅರಣ್ಯ ಇಲಾಖೆಯ ಕಾಗದ ಬೇಕು. ನಮ್ಮ ಮೈಸೂರಿನ ಬೀಟೆ ಕೆತ್ತನೆಯವರ ಕೆಲಸವನ್ನು ನೋಡಿ ಖುಷಿಪಡಿ, ಅರಮನೆಯ ಬಾಗಿಲುಗಳ ಮೇಲೆ ಇದೆ, ಸಾಕು.

ಹಳೇ ಮನೆ ಕೆಡವಿದ ಮರ ಸಿಕ್ಕರೆ ಬಿಡಬೇಡಿ. ಐವತ್ತು ಅರವತ್ತು ವರ್ಷ ಒಣಗಿದ ಮರ, ಇನ್ನು ಅದು ಹಸಿಮರದ ಹಾಗೆ ಸೊಟ್ಟಗಾಗುವುದಿಲ್ಲ. ಆದರೆ ಮೊಳೆ. ಒಂದು ಹಳೇ ಬಾಗಿಲಿನ ಚೌಕಟ್ಟಿಗೆ ನಾನು ಹೊಸದಾಗಿ ಮಸೆದ ಹತ್ತರಿ ಓಡಿಸಿದೆ, ಟಿಣ್ ಅಂತ ಸದ್ದು. ಒಳಗೆ ತಲೆ ಮುರಿದ ಮೊಳೆ ಇತ್ತು. ಅಲಗಿನಲ್ಲಿ ಅಕ್ಕಿ ಕಾಳಿನಷ್ಟು ಚಕ್ಕೆ ಹಾರಿತು, ಅದು ಹೋಗುವ ತನಕ ಮಸೆಯಲು ಎರಡು ಸಂಜೆ. ಈಗ ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆಲ್ಲ ಓಡಾಡಿಸುತ್ತೇನೆ. ಫ್ಯಾಕ್ಟರಿಗಳಿಂದ ಬರುವ ಪ್ಯಾಲೆಟ್ ಮರವೂ, ಅಂದರೆ ಸರಕು ಹೇರಿ ಸಾಗಿಸುವ ಅಟ್ಟಣೆಯ ಹಲಗೆಗಳೂ, ಒಳ್ಳೆಯದೇ. ಹೊರದೇಶದಿಂದ ಬಂದದ್ದಾದರೆ ಗೋಧಿ ತೆನೆಯ ಗುರುತಿನ ಮುದ್ರೆ ಇರುತ್ತದೆ, ಅದರಲ್ಲಿ ಎಚ್‌ಟಿ ಅಂತ ಇದ್ದರೆ ಶಾಖದಲ್ಲಿ ಹುಳ ಸಾಯಿಸಿದ್ದು, ತರಬಹುದು. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷಾನಿಲ ಕೊಟ್ಟಿದ್ದು, ಅಲ್ಲೇ ಬಿಟ್ಟು ಬನ್ನಿ.

ಪ್ಲೈವುಡ್ ಬಗ್ಗೆ ಒಂದೇ ಮಾತು. ಹಾಳೆಯ ಮೇಲಿನ ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್) ಮುದ್ರೆ ನೋಡಿ, 303 ಸಾಮಾನ್ಯ ಬಳಕೆಯದು, 710 ಮರೈನ್. ಹವ್ಯಾಸಕ್ಕೆ 710 ಬೇಡ, ನೀವೇನು ದೋಣಿ ಮಾಡುತ್ತಿಲ್ಲ.

ಮೊದಲು ಏನು ಮಾಡಬೇಕು? ಮಣೆ ಮಾಡಿ. ಊಟಕ್ಕೆ ಕೂರುವ ಮಣೆ. ಒಂದು ಹಲಗೆ, ಕೆಳಗೆ ಎರಡು ಅಡ್ಡಪಟ್ಟಿ, ಅಷ್ಟೇ ತಾನೇ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಜುಲೈನಲ್ಲಿ, ಮಳೆ ಹಿಡಿದಿದ್ದಾಗ, 10 ಇಂಚು ಅಗಲದ ಹಲಸಿನ ಹಲಗೆಗೆ ಕೆಳಗೆ ಎರಡು ಪಟ್ಟಿ ಇಟ್ಟು ಫೆವಿಕಾಲ್ ಮೆತ್ತಿ, ಎರಡೂ ಕೊನೆಗೆ ಸ್ಕ್ರೂ ಬಿಗಿದೆ. ಮಾಡಿದ ದಿನ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಅದರ ಮೇಲೆ ಕೂರಿಸಿ ಫೋಟೋ ತೆಗೆದೆ. ಮಾರ್ಚ್‌ನಲ್ಲಿ ಒಂದು ರಾತ್ರಿ ಹಿಂದಿನ ಕೋಣೆಯಿಂದ ಪಟಾಕಿ ಹೊಡೆದ ಹಾಗೆ ಶಬ್ದ. ಹೋಗಿ ನೋಡಿದರೆ ಮಣೆ ನಡುವೆ ಸೀಳಿತ್ತು, ಈ ಕೊನೆಯಿಂದ ಆ ಕೊನೆಗೆ.

ಆಗ ಅಮ್ಮನ ಮನೆ ಅಟ್ಟದ ಮೇಲಿನ ಮಣೆ ನೆನಪಾಯಿತು. ನನ್ನ ಹಸೆಗೆ ಇಟ್ಟಿದ್ದ ಮಣೆ ಅದು, ಅದಕ್ಕೂ ಹಿಂದೆ ಅಮ್ಮನ ಹಸೆಗೆ. ತಂದು ತಿರುಗಿಸಿ ನೋಡಿದೆ. ಅಂಟು ಇಲ್ಲವೇ ಇಲ್ಲ. ಹಲಗೆಯ ಕೆಳಗೆ ಅಡ್ಡಕ್ಕೆ ಕಾಲುವೆಯಂಥ ಕಚ್ಚು ಹೊಡೆದಿದ್ದಾರೆ, ಒಳಗೆ ಅಗಲ, ಬಾಯಿ ಕಿರಿದು. ಪಟ್ಟಿಯ ಮೇಲಂಚನ್ನು ಅದೇ ಆಕಾರಕ್ಕೆ ಕೆತ್ತಿ ಪಕ್ಕದಿಂದ ಜಾರಿಸಿದ್ದಾರೆ. ನಡುವೆ ಒಂದೇ ಒಂದು ಮೊಳೆ. ಕೆಳಗೆ ಬೀಳುವುದಿಲ್ಲ, ಆದರೆ ಹಲಗೆ ಹಿಗ್ಗಿದರೆ ಕುಗ್ಗಿದರೆ ಪಟ್ಟಿಯ ಮೇಲೆ ಜಾರಿಕೊಳ್ಳುತ್ತದೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಗಲಕ್ಕೆ ಕುಗ್ಗುತ್ತದೆ. ನಾನು ಅಗಲಕ್ಕೆ ಕುಗ್ಗುವ ಹಲಗೆಯನ್ನು, ಉದ್ದಕ್ಕೆ ಕುಗ್ಗದ ಪಟ್ಟಿಗೆ ಎರಡೂ ಕೊನೆಯಲ್ಲಿ ಕಟ್ಟಿಹಾಕಿದ್ದೆ. ಬೇಸಿಗೆಯಲ್ಲಿ ಹಲಗೆ ಚಿಕ್ಕದಾಗಬೇಕು ಅಂದಿತು, ಪಟ್ಟಿ ಬಿಡಲಿಲ್ಲ, ಸೀಳಿತು. ಅಂಥ ಕಚ್ಚು ಹೊಡೆಯಲು ಬರದಿದ್ದರೆ ನಡುವೆ ಒಂದು ಸ್ಕ್ರೂ ಬಿಗಿಯಾಗಿ ಹಾಕಿ, ಎರಡು ಕೊನೆಯ ತೂತುಗಳನ್ನು ದುಂಡಗೆ ಬಿಡದೆ ಪಟ್ಟಿಯ ಉದ್ದಕ್ಕೆ ಸ್ವಲ್ಪ ಉದ್ದ ಮಾಡಿ, ಸ್ಕ್ರೂ ಅದರೊಳಗೆ ಓಡಾಡಲಿ. ಅಂಟು ಬೇಡ. ಫೆವಿಕಾಲ್ 1959ರಲ್ಲಿ ಬಂತು, ನನ್ನ ಅಮ್ಮನ ಮಣೆ ಅದಕ್ಕಿಂತ ಹಳೆಯದು.

ಎಣ್ಣೆ ಪಾಲಿಶು. ಕೊಬ್ಬರಿ ಎಣ್ಣೆ ಹಚ್ಚುತ್ತೇವೆ ನಾವು ಎಲ್ಲಕ್ಕೂ, ಅದು ಒಣಗುವುದಿಲ್ಲ, ಧೂಳು ಹಿಡಿದು ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಗಾಳಿ ತಾಗಿ ನಿಧಾನವಾಗಿ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಆದ್ದರಿಂದ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಬೆಂಕಿ ಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹಗ್ಗದ ಮೇಲೆ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿ. ಬಣ್ಣ ಬೇಕು ಅನ್ನುವವರು ಒಂದು ದಿನ ಚನ್ನಪಟ್ಟಣಕ್ಕೆ ಹೋಗಿ ಬನ್ನಿ. ಆಲೆ ಮರದ ತುಂಡು ಲೇತ್ ಮಷೀನಿನಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಕೇದಗೆ ಎಲೆ ಒತ್ತಿ ಹೊಳಪು ಬರಿಸುತ್ತಾರೆ. ಬ್ರಷ್ ಇಲ್ಲ, ಒಣಗಲು ಕಾಯುವುದಿಲ್ಲ. ನಾನು ಒಂದು ಗಂಟೆ ನಿಂತು ನೋಡಿ ಊಟದ ಹೊತ್ತು ಮರೆತಿದ್ದೆ.

ಮಷೀನು ಬೇಡವೇ ಬೇಡವಾ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಡ್ರಿಲ್ ಕೊಳ್ಳಿ, ಯೋಚನೆ ಮಾಡಬೇಡಿ. ಆದರೆ ಮಾರ್ಬಲ್ ಕಟರಿಗೆ, ಆಂಗಲ್ ಗ್ರೈಂಡರಿಗೆ ಮರ ಕೊಯ್ಯುವ ಬ್ಲೇಡ್ ಹಾಕಿ ಕೆಲಸ ಮಾಡುವುದನ್ನು ಸೈಟುಗಳಲ್ಲಿ ನೋಡಿ ಕಲಿಯಬೇಡಿ. ಅವು ನಿಮಿಷಕ್ಕೆ ಹತ್ತು ಹನ್ನೆರಡು ಸಾವಿರ ಸುತ್ತು ತಿರುಗುವ ಮಷೀನುಗಳು. ಬ್ಲೇಡಿನ ಮೇಲೆ ಅದು ತಡೆಯುವ ಸುತ್ತು ಎಷ್ಟು ಅಂತ ಬರೆದಿರುತ್ತದೆ, ಓದುವವರು ಯಾರು? ಹಲ್ಲು ಮರಕ್ಕೆ ಸಿಕ್ಕಿಕೊಂಡರೆ ಮಷೀನು ನಿಮ್ಮ ಕಡೆಗೇ ಹಾರುತ್ತದೆ. ತಿರುಗುವ ಯಾವುದರ ಹತ್ತಿರವೂ ಕೈಗವಸು ಬೇಡ, ಸೀರೆ ಸೆರಗು, ದುಪಟ್ಟಾ ಬೇಡ. ನಾನು ಸಲ್ವಾರಿನ ಮೇಲೆ ಯಜಮಾನರ ಹಳೇ ಅಂಗಿ ಹಾಕಿಕೊಳ್ಳುತ್ತೇನೆ. ಸ್ಯಾಂಡರ್ ಬಳಸುವಾಗ ಎನ್95 ಮಾಸ್ಕ್ ಹಾಕಿ, ಕೋವಿಡ್ ಕಾಲದ್ದು ಉಳಿದಿರುತ್ತದೆ. ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1995ರಲ್ಲೇ ಹೇಳಿದೆ. ಹತ್ತರಿಯ ಸಿಪ್ಪೆ ನೆಲಕ್ಕೆ ಬೀಳುತ್ತದೆ, ಸ್ಯಾಂಡರಿನ ಧೂಳು ಮೂಗಿಗೆ ಬರುತ್ತದೆ. ನಾನು ಸ್ಯಾಂಡರ್ ಮಾರಿಬಿಟ್ಟೆ.

ಕಲಿಯುವುದು ಎಲ್ಲಿ ಅಂದರೆ, ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, 18ನೇ ಕ್ರಾಸ್. ಅಲ್ಲಿ ತರಬೇತಿಗಳು ನಡೆಯುತ್ತವೆ, ಇದು ಯಾವ ಮರ ಅಂತ ಗುರುತಿಸಿಯೂ ಕೊಡುತ್ತಾರೆ. ಅಷ್ಟು ದೂರ ಯಾಕೆ, ನಿಮ್ಮ ಬೀದಿಗೆ ಕೆಲಸಕ್ಕೆ ಬರುವ ಆಚಾರ್ರಿಗೆ ಒಂದು ಲೋಟ ಕಾಫಿ ಕೊಟ್ಟು ಪಕ್ಕದಲ್ಲಿ ಕೂರಿ. ಆದರೆ ಅವರು ಮಸೆಯುವಾಗ ಕೂರಿ, ಕೊಯ್ಯುವಾಗ ಅಲ್ಲ.

(ಇಲ್ಲಿಗೆ ಮಾತು ಮುಗಿದಿತ್ತು. ಆಮೇಲೆ ಆದದ್ದನ್ನೂ ಬರೆಯುತ್ತೇನೆ.)

ಎಲ್ಲರೂ ಎದ್ದು ಹೊರಟ ಮೇಲೆ ಒಬ್ಬ ಹುಡುಗಿ, ಕಾಲೇಜಿನವಳಿರಬೇಕು, ಬಟ್ಟೆ ಚೀಲದಿಂದ ಒಂದು ಉಳಿ ತೆಗೆದಳು. ಪೂರ್ತಿ ತುಕ್ಕು, ಹಿಡಿ ಇಲ್ಲ. "ತಾತಂದು ಮಿಸ್. ಗುಜರಿಗೆ ಹಾಕ್ತಿದ್ರು." ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿ, ತುಕ್ಕು ತಿಕ್ಕಿ, ಅಡುಗೆ ಸೋಡಾ ನೀರಲ್ಲಿ ತೊಳೆದು ತಕ್ಷಣ ಎಣ್ಣೆ ಸವರು ಅಂದೆ. ಅವಳಿಗೆ ತಾಳ್ಮೆ ಇರಲಿಲ್ಲ, ನನಗೂ ಇರಲಿಲ್ಲ. ಗಾಜಿನ ಮೇಲೆ 220 ಹಾಳೆ ಅಂಟಿಸಿ ಬೆನ್ನು ಉಜ್ಜಲು ಕೂತೆವು. ಕೆಂಪು ನೀರು ಹರಿದು ಮೇಜೆಲ್ಲ ಕೊಳೆ. ಇಪ್ಪತ್ತು ನಿಮಿಷದ ಮೇಲೆ ತುದಿಯಲ್ಲಿ ಬೆರಳಗಲ ಬೆಳ್ಳಗೆ ಕಂಡಿತು. ಇಳಿಜಾರಿಗೆ ಸ್ಕೇಲ್ ಇಟ್ಟಳು, ದಪ್ಪ 5 ಎಂಎಂ, ಇಳಿಜಾರು 12. "25 ಡಿಗ್ರಿ ಹತ್ತಿರ ಹತ್ತಿರ, ಅಲ್ವಾ ಮಿಸ್?" ಅಂದಳು, ಮೊಬೈಲ್ ಲೆಕ್ಕ ಮಾಡಿ. ತಾತ ಸ್ಕೇಲ್ ಇಟ್ಟಿರಲಿಕ್ಕಿಲ್ಲ.

400ಕ್ಕೆ ಬರುವಷ್ಟರಲ್ಲಿ ವಾಚ್‌ಮನ್ ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಗಾಜು, ಮಿಕ್ಕ ಹಾಳೆಗಳು ಎಲ್ಲ ಅವಳ ಚೀಲಕ್ಕೇ ಹಾಕಿ ಕಳಿಸಿದೆ. ಮುಂದಿನ ಭಾನುವಾರ ವಾಪಸ್ ತರುತ್ತೇನೆ ಅಂದಿದ್ದಾಳೆ.